ಓದಿದ್ದು ಗಡಿ ದಾಟಬೇಕು



ಯುರೋಪಿನ ಖಾಸಗಿ ವಿಶ್ವವಿದ್ಯಾಲಯಗಳು ದೇಶದ ಗಡಿ ನೋಡದೆ ಒಂದಕ್ಕೊಂದು ಕೈಜೋಡಿಸಿ ಪಾಠ ಮಾಡುತ್ತವೆ, ಪದವಿ ಕೊಡುತ್ತವೆ. ಈ ಸಂಗತಿಯನ್ನು ಜನವಾಡದಲ್ಲಿ ಸೋಯಾ ರಾಶಿ ಮುಗಿಸಿ ರೇಡಿಯೊ ಹಚ್ಚಿ ಕೂತವರ ಮುಂದೆ ಯಾಕೆ ತರಬೇಕು ಎಂದು ನೀವು ಕೇಳಬಹುದು. ತರಲೇಬೇಕು. ಯಾಕೆಂದರೆ ಈ ಕೆಲಸವನ್ನು ನಮ್ಮ ಜಿಲ್ಲೆ ಒಮ್ಮೆ ಮಾಡಿ ತೋರಿಸಿದೆ. ಜನವಾಡದಿಂದ ಬಸ್ಸು ಹತ್ತಿ ಬೀದರಿಗೆ ಇಳಿದು, ಹಳೆ ಊರಿನ ಚೌಬಾರಾ ದಾಟಿ ಕೋಟೆಯ ಕಡೆಗೆ ನಡೆದರೆ ರಸ್ತೆಗೆ ಮುಖ ಮಾಡಿಕೊಂಡು ಅರ್ಧ ಬಿದ್ದ ದೊಡ್ಡ ಕಟ್ಟಡವೊಂದು ನಿಂತಿದೆ. ನೀಲಿ, ಹಳದಿ, ಬಿಳಿ ಹೆಂಚಿನ ತುಣುಕುಗಳು ಇನ್ನೂ ಅಲ್ಲಲ್ಲಿ ಅಂಟಿಕೊಂಡಿರುವ ಒಂದೇ ಒಂದು ಮಿನಾರು ಉಳಿದಿದೆ. ಅದು ಮಹಮೂದ್ ಗವಾನನ ಮದರಸಾ. 1472ರಲ್ಲಿ ಮುಗಿದದ್ದು.

ನಾವೆಲ್ಲ ಅದನ್ನು ಶಾಲೆಯ ಪ್ರವಾಸದಲ್ಲಿ ನೋಡಿದವರೇ. ಸ್ಮಾರಕ ಎಂದು ನೋಡಿದೆವು. ಕಾಲೇಜು ಎಂದು ನೋಡಲಿಲ್ಲ. ಒಳಗೆ ಹೋಗಿ ನಡುವಿನ ಅಂಗಳದಲ್ಲಿ ನಿಂತು ಒಮ್ಮೆ ಸುತ್ತ ಕಣ್ಣಾಡಿಸಿ. ಉತ್ತರ, ಪಡುವಣ, ತೆಂಕಣ, ಮೂರೂ ಬದಿಗೆ ನೆಲದಿಂದ ಚಾವಣಿಯ ತನಕ ಎದ್ದ ಎತ್ತರದ ಪಡಸಾಲೆಗಳು. ಅವು ಪಾಠ ನಡೆಯುತ್ತಿದ್ದ ಜಾಗ. ಅವುಗಳ ಆಚೆ ಈಚೆ ಮೂರು ಅಂತಸ್ತಿನಲ್ಲಿ ಸಣ್ಣ ಸಣ್ಣ ಕೋಣೆಗಳು. ಪ್ರತಿ ಕೋಣೆಗೂ ಗಾಳಿ ಬೆಳಕು ಬರುವ ಹಾಗೆ ಕಿಂಡಿ. ಅವು ಹುಡುಗರು ಇದ್ದು ಓದುತ್ತಿದ್ದ ಕೋಣೆಗಳು. ಅಧ್ಯಾಪಕರಿಗೆ ಬೇರೆ ವಸತಿ. ಮುಂಭಾಗದಲ್ಲಿ ಮಸೀದಿ ಮತ್ತು ಗ್ರಂಥಭಂಡಾರ. ಆ ಭಂಡಾರದಲ್ಲಿ 3000 ಹಸ್ತಪ್ರತಿಗಳಿದ್ದವು ಎಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ಅಚ್ಚುಮನೆ ಇಲ್ಲದ ಕಾಲ. ಪ್ರತಿಯೊಂದನ್ನೂ ಕೈಯಲ್ಲಿ ಬರೆಸಬೇಕು, ಇಲ್ಲವೇ ಹಡಗಿನಲ್ಲಿ ತರಿಸಬೇಕು. ತೇವ ಏರದಿರಲೆಂದು ತಳಪಾಯಕ್ಕೆ ಸೀಸದ ತಗಡು ಹಾಕಿಸಿದ್ದರು. ಪುಸ್ತಕ ಬಲ್ಲವರು ಕಟ್ಟಿಸಿದ ಮನೆ ಅದು.

ಕಟ್ಟಿಸಿದವನು ಯಾರು? ಇರಾನಿನ ಗೀಲಾನ್ ಸೀಮೆಯವನು. 1453ರ ಸುಮಾರಿಗೆ ಕೊಂಕಣದ ದಾಭೋಲ ಬಂದರಿಗೆ ವ್ಯಾಪಾರಿಯಾಗಿ ಬಂದು ಇಳಿದವನು. ಆಗ ಅವನಿಗೆ ನಲವತ್ತು ದಾಟಿತ್ತು. ಬಹಮನಿ ಅರಸರ ಸೇವೆಗೆ ಸೇರಿ ವಜೀರನಾದ. ಮದರಸಾಕ್ಕೆ ಹಣ ಬಂದದ್ದು ಅವನ ಸ್ವಂತ ಗಳಿಕೆಯಿಂದ. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಅದೊಂದು ಖಾಸಗಿ ಉನ್ನತ ಶಿಕ್ಷಣ ಸಂಸ್ಥೆ. ಹುಡುಗರಿಗೆ ಊಟ, ವಸತಿ ಪುಕ್ಕಟೆ. ಕಟ್ಟಡದ ಮಾದರಿ ಖುರಾಸಾನಿನದು. ಸಮರಕಂದದಲ್ಲಿ ಉಲುಗ್ ಬೇಗ್ 1420ರಲ್ಲಿ ಮುಗಿಸಿದ ಮದರಸಾದ ಕುಲಕ್ಕೇ ಇದೂ ಸೇರಿದ್ದು. ಕಲಿಸಲು ಇರಾನ್, ಅರಬ್ ನಾಡುಗಳಿಂದ ವಿದ್ವಾಂಸರು ಬಂದರು.

ಅವರು ಬಂದ ದಾರಿ ಯಾವುದು? ಪತ್ರ. ಗವಾನ್ ದೊಡ್ಡ ಪತ್ರಗಾರ. ಹೆರಾತಿನ ಕವಿ ಜಾಮಿಗೆ ಬರೆದ. ಸಮರಕಂದದ ಸೂಫಿ ಗುರು ಖ್ವಾಜಾ ಅಹ್ರಾರರಿಗೆ ಬರೆದ. ಕಾನ್‌ಸ್ಟಾಂಟಿನೋಪಲ್ ಗೆದ್ದ ಆಟೊಮನ್ ಸುಲ್ತಾನ ಎರಡನೇ ಮೆಹಮದನಿಗೂ ಬೀದರಿನಿಂದ ಕಾಗದ ಹೋಯಿತು. ಆ ಪತ್ರಗಳ ಸಂಗ್ರಹ 'ರಿಯಾಜುಲ್ ಇನ್ಶಾ' ಇವತ್ತಿಗೂ ಓದಲು ಸಿಗುತ್ತದೆ. ಪತ್ರ ಬರೆಯುವ ಕಲೆಯ ಮೇಲೆ ಅವನೇ ಬರೆದ 'ಮನಾಜಿರುಲ್ ಇನ್ಶಾ'ದ ಪ್ರತಿಗಳು ಆಟೊಮನ್ ನಾಡಿನ ತನಕ ಹೋಗಿ ಅಲ್ಲಿಯ ಲಿಪಿಕಾರರಿಗೂ ಮಾದರಿಯಾದವು. ಜಾಮಿಯನ್ನು ಹಿಂದೂಸ್ತಾನಕ್ಕೆ ಬಾ ಎಂದು ಕರೆದ. ಜಾಮಿ ಬರಲಿಲ್ಲ. ಆದರೆ ಮರುಓಲೆ ಬರೆದ. ಬೀದರಿನ ಕಾಗದಕ್ಕೆ ಹೆರಾತಿನಿಂದ ಉತ್ತರ ಬರುತ್ತಿತ್ತು ಎಂಬುದೇ ನನಗೆ ಆ ಮಿನಾರಿಗಿಂತ ಎತ್ತರವಾಗಿ ಕಾಣುತ್ತದೆ.

ಮುಂದಿನದು ದುಃಖದ ಕಥೆ. ದರಬಾರಿನ ಹಗೆಗಳು ಗವಾನನ ಮುದ್ರೆಯೊತ್ತಿದ ಹಾಳೆಯ ಮೇಲೆ ಒಡಿಶಾದ ಅರಸನಿಗೆ ಬರೆದಂತೆ ಸುಳ್ಳು ಓಲೆ ಸೃಷ್ಟಿಸಿದರು. ಬಹಮನಿ ಸುಲ್ತಾನ ವಿಚಾರಿಸಲಿಲ್ಲ. 1481ರ ಏಪ್ರಿಲ್ 5ರಂದು ಎಪ್ಪತ್ತು ಮುಟ್ಟಿದ ಆ ಮುದುಕನ ತಲೆ ಹಾರಿಸಿದರು. ಮರುವರ್ಷ ಸುಲ್ತಾನನೂ ತೀರಿಕೊಂಡ. ರಾಜ್ಯ ಐದು ಹೋಳಾಯಿತು. ಮದರಸಾ ಆಮೇಲೂ ನಿಂತಿತ್ತು. ಆದರೆ ಸಮರಕಂದ, ಹೆರಾತ್, ಇಸ್ತಾಂಬುಲ್‌ಗಳಿಗೆ ಅದನ್ನು ಕಟ್ಟಿಹಾಕಿದ್ದ ದಾರ ಹರಿದಿತ್ತು. ಆ ದಾರ ಒಬ್ಬನ ಕೈಯಲ್ಲಿತ್ತು. ಔರಂಗಜೇಬನ ಕಾಲಕ್ಕೆ ಆ ಪಾಠದ ಕೋಣೆಗಳಲ್ಲಿ ರಾವುತರು ತಂಗಿದರು, ಮದ್ದು ತುಂಬಿಟ್ಟರು. 1696ರಲ್ಲಿ ಮದ್ದು ಸಿಡಿದು ಮುಂಭಾಗದ ಅರ್ಧ, ಒಂದು ಮಿನಾರು, ತೆಂಕಣ ಭಾಗದ ತುಂಡು ನೆಲಕ್ಕೆ ಬಿತ್ತು. ಜನ ಕಾಲೇಜು ಹಾಳಾದದ್ದು ಆ ಸ್ಫೋಟದಿಂದ ಎನ್ನುತ್ತಾರೆ. ನನ್ನ ಎಣಿಕೆಯಲ್ಲಿ ಅದು ಹಾಳಾದದ್ದು 1481ರಲ್ಲಿ.

ಈಗ ಇಟಲಿಯ ಮಿಲಾನಿಗೆ ಹೋಗೋಣ. ಅಲ್ಲಿ ಫೆರ್ಡಿನಾಂಡೊ ಬೊಕ್ಕೋನಿ ಎಂಬ ಬಟ್ಟೆ ವ್ಯಾಪಾರಿ ಇದ್ದ. ಅವನ ಮಗ ಲುಯಿಜಿ 1896ರಲ್ಲಿ ಇಥಿಯೋಪಿಯದ ಆಡ್ವಾ ಕಾಳಗದಲ್ಲಿ ತೀರಿಹೋದ. ಮಗನ ಹೆಸರು ಉಳಿಯಲೆಂದು ತಂದೆ 1902ರಲ್ಲಿ ವಿಶ್ವವಿದ್ಯಾಲಯ ಕಟ್ಟಿದ. ಗವಾನನಂತೆ ಅವನೂ ವ್ಯಾಪಾರಿ, ಅವನದೂ ಸ್ವಂತ ಹಣ. ಆದರೆ ಬೊಕ್ಕೋನಿ ಸತ್ತ ಮೇಲೂ ಬೊಕ್ಕೋನಿ ವಿಶ್ವವಿದ್ಯಾಲಯ ಬೆಳೆಯಿತು. 1988ರಲ್ಲಿ ಅದು ಇನ್ನೂ ಮೂರು ಸಂಸ್ಥೆಗಳ ಜೊತೆ ಕೂಡಿಕೊಂಡಿತು. ಒಂದು ಪ್ಯಾರಿಸ್ ವಾಣಿಜ್ಯ ಮಂಡಳಿ 1881ರಲ್ಲಿ ತೆರೆದ ಎಚ್‌ಇಸಿ. ಇನ್ನೊಂದು ಬಾರ್ಸಿಲೋನಾದಲ್ಲಿ 1958ರಲ್ಲಿ ಹುಟ್ಟಿದ ಖಾಸಗಿ ಸಂಸ್ಥೆ ಎಸಾಡೆ. ಮತ್ತೊಂದು ಜರ್ಮನಿಯ ಕಲೋನ್ ವಿಶ್ವವಿದ್ಯಾಲಯ, ಅದು ಸರ್ಕಾರಿ. ಈ ನಾಲ್ಕೂ ಸೇರಿ ಸೆಮ್ಸ್ ಎಂಬ ಕೂಟ ಮಾಡಿಕೊಂಡವು. ಒಂದು ದೇಶಕ್ಕೆ ಒಂದೇ ಸಂಸ್ಥೆ ಎಂಬುದು ಕಟ್ಟಳೆ. ಹುಡುಗ ಒಂದು ಅವಧಿ ತನ್ನ ಸಂಸ್ಥೆಯಲ್ಲಿ, ಒಂದು ಅವಧಿ ಬೇರೆ ದೇಶದ ಸಂಸ್ಥೆಯಲ್ಲಿ ಓದಬೇಕು. ಒಂದಕ್ಕಿಂತ ಹೆಚ್ಚು ಭಾಷೆ ಬರಲೇಬೇಕು. ಈ ಕೊನೆಯ ಮಾತು ಕೇಳಿದಾಗ ನನಗೆ ನಮ್ಮ ಔರಾದ, ಭಾಲ್ಕಿಯ ಹುಡುಗರು ನೆನಪಾಗುತ್ತಾರೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಬಜಾರಿನಲ್ಲಿ ದಖನಿ ಉರ್ದು, ಜಹೀರಾಬಾದ್ ಸಂತೆಗೆ ಹೋದರೆ ತೆಲುಗು. ಯಾವ ಸೆಮ್ಸೂ ಕಲಿಸದೆ ಇವರು ನಾಲ್ಕು ಭಾಷೆ ಕಲಿತಿರುತ್ತಾರೆ.

ಸೆಮ್ಸ್ ಹುಟ್ಟುವ ಒಂದು ವರ್ಷ ಮೊದಲು, 1987ರಲ್ಲಿ, ಯುರೋಪಿನ ಸರ್ಕಾರಗಳು ವಿದ್ಯಾರ್ಥಿಗಳು ಬೇರೆ ದೇಶಕ್ಕೆ ಹೋಗಿ ಓದಿ ಬರುವ ಎರಾಸ್ಮಸ್ ಯೋಜನೆ ಶುರು ಮಾಡಿದ್ದವು. ಮೊದಲ ವರ್ಷ 11 ದೇಶ, 3244 ವಿದ್ಯಾರ್ಥಿಗಳು. ಇದರಲ್ಲಿ ಸರ್ಕಾರಿ ಕಾಲೇಜು, ಖಾಸಗಿ ಕಾಲೇಜು ಎಂಬ ಭೇದ ಇಲ್ಲ. ಮಾನ್ಯತೆ ಇರಬೇಕು, ಅಷ್ಟೇ. 1999ರ ಜೂನ್ 19ರಂದು 29 ದೇಶಗಳ ಮಂತ್ರಿಗಳು ಇಟಲಿಯ ಬೊಲೋನ್ಯದಲ್ಲಿ ಕೂತು, ನಮ್ಮ ಪದವಿಗಳ ಅಳತೆ ಒಂದೇ ಇರಲಿ ಎಂದು ಸಹಿ ಹಾಕಿದರು. ಆ ಊರನ್ನು ಆರಿಸಿದ್ದಕ್ಕೆ ಕಾರಣವಿದೆ. ಯುರೋಪಿನ ಅತಿ ಹಳೆಯ ವಿಶ್ವವಿದ್ಯಾಲಯ ಅಲ್ಲಿಯದು. ಪರದೇಶದಿಂದ ಬಂದ ವಿದ್ಯಾರ್ಥಿಗಳೇ ಸಂಘ ಕಟ್ಟಿಕೊಂಡು, ತಾವೇ ಹಣ ಕೂಡಿಸಿ ಗುರುಗಳನ್ನು ನೇಮಿಸುತ್ತಿದ್ದರು. 12ನೇ ಶತಮಾನದ ನಡುವೆ, ನಮ್ಮ ಕಲ್ಯಾಣದಲ್ಲಿ ಬಸವಣ್ಣನವರಿದ್ದ ಸುಮಾರಿನಲ್ಲೇ, ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸ ಆ ವಿದ್ಯಾರ್ಥಿಗಳಿಗೆ ಒಂದು ಅಭಯ ಕೊಟ್ಟ. ಪರದೇಶದ ವಿದ್ಯಾರ್ಥಿಯನ್ನು ಅವನ ಊರಿನ ಇನ್ನೊಬ್ಬನ ಸಾಲಕ್ಕಾಗಿ ಹಿಡಿಯಕೂಡದು ಎಂದು. ಓದಲು ಗಡಿ ದಾಟಿದವನಿಗೆ ಕಾನೂನಿನ ಆಸರೆ ಬೇಕು ಎಂಬ ತಿಳಿವಳಿಕೆ ಅಷ್ಟು ಹಳೆಯದು.

ಎರಾಸ್ಮಸ್‌ನಲ್ಲಿ ಹೋಗುವ ಹುಡುಗಿಯ ಕೈಯಲ್ಲಿ ಒಂದು ಕಾಗದ ಇರುತ್ತದೆ. ಕಲಿಕೆಯ ಕರಾರು ಎನ್ನೋಣ. ಆಕೆ ಊರು ಬಿಡುವ ಮೊದಲೇ ತಯಾರಾಗುತ್ತದೆ. ಅಲ್ಲಿ ಯಾವ ಯಾವ ವಿಷಯ ಓದುತ್ತಾಳೆ, ಒಂದೊಂದಕ್ಕೂ ಎಷ್ಟು ಕ್ರೆಡಿಟ್, ಅಂದರೆ ಓದಿನ ಅಳತೆ ಎಷ್ಟು, ಮರಳಿ ಬಂದಾಗ ಇಲ್ಲಿಯ ಯಾವ ವಿಷಯಕ್ಕೆ ಬದಲಾಗಿ ಅದನ್ನು ಹಿಡಿಯುತ್ತಾರೆ, ಎಲ್ಲ ಅದರಲ್ಲಿ ಬರೆದಿರುತ್ತದೆ. ಕೆಳಗೆ ಮೂರು ಸಹಿ. ವಿದ್ಯಾರ್ಥಿಯದು, ಕಳಿಸುವ ಸಂಸ್ಥೆಯದು, ಕರೆದುಕೊಳ್ಳುವ ಸಂಸ್ಥೆಯದು. ಹೋದ ಕಡೆ ಬೋಧನಾ ಶುಲ್ಕ ಕೇಳುವಂತಿಲ್ಲ. ಪಾಸಾಗಿ ಬಂದರೆ ತನ್ನ ಸಂಸ್ಥೆ ಒಲ್ಲೆ ಎನ್ನುವಂತಿಲ್ಲ. ಪೂರ್ತಿ ಒಂದು ವರ್ಷದ ಓದಿಗೆ 60 ಕ್ರೆಡಿಟ್. ಲಿಸ್ಬನ್ನಿನಲ್ಲಿ ಓದಿದರೂ ಅಷ್ಟೇ, ವಾರ್ಸಾದಲ್ಲಿ ಓದಿದರೂ ಅಷ್ಟೇ. ಗವಾನ್ ತನ್ನ ಮುದ್ರೆಯೊತ್ತಿ ಕಳಿಸುತ್ತಿದ್ದ ಓಲೆಯ ಕೆಲಸವನ್ನು ಇಲ್ಲಿ ಈ ಮೂರು ಸಹಿಯ ಕಾಗದ ಮಾಡುತ್ತದೆ. ವ್ಯತ್ಯಾಸ ಇಷ್ಟೇ, ಇದು ಯಾವ ವಜೀರನ ತಲೆಗೂ ಜೋತುಬಿದ್ದಿಲ್ಲ.

ನಮ್ಮಲ್ಲಿ ಏನಿದೆ ನೋಡೋಣ. ನಮ್ಮ ಭಾಗದಲ್ಲಿ ಖಾಸಗಿ ಶಿಕ್ಷಣ ಎಂದರೆ ಜನ ಕೂಡಿ ಕಟ್ಟಿದ ಶಿಕ್ಷಣ. ನಿಜಾಮನ ಆಳ್ವಿಕೆಯಲ್ಲಿ ಉರ್ದು ಬಿಟ್ಟರೆ ಬೇರೆ ಭಾಷೆಗೆ ಜಾಗವಿಲ್ಲದಾಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿಸಿ ಒಳಗೆ ಕನ್ನಡ ಕಲಿಸಿದ ಸಂಗತಿ ಇಲ್ಲಿಯ ಪ್ರತಿ ಮನೆಗೂ ಗೊತ್ತು. ಅವರು ಭಿಕ್ಷೆ ಬೇಡಿ ಶಾಲೆ ನಡೆಸಿದರು. 1958ರಲ್ಲಿ ಮಹಾದೇವಪ್ಪ ರಾಂಪೂರೆ ಅವರು ಕಲಬುರಗಿಯಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಕಟ್ಟಿದರು. ಬೀದರಿನ ಭೂಮರಡ್ಡಿ ಕಾಲೇಜು ಆ ಸಂಸ್ಥೆಯದೇ. 1980ರಲ್ಲಿ ನಾನಕ ಝರಾ ಗುರುದ್ವಾರದ ನೆರಳಿನಲ್ಲಿ ಗುರುನಾನಕ ದೇವ ಎಂಜಿನಿಯರಿಂಗ್ ಕಾಲೇಜು ತೆರೆಯಿತು, ಪಂಜಾಬಿನಿಂದ ಹುಡುಗರು ಬಂದರು. ಭಾಲ್ಕಿಯಲ್ಲಿ ಗ್ರಾಮೀಣ ಎಂಜಿನಿಯರಿಂಗ್ ಕಾಲೇಜು ಹುಟ್ಟಿತು, ಈಗ ಅದಕ್ಕೆ ಭೀಮಣ್ಣ ಖಂಡ್ರೆಯವರ ಹೆಸರು. 1989ರಲ್ಲಿ ಒಂದು ಕೋಣೆಯಲ್ಲಿ ಶುರುವಾದ ಶಾಹೀನ್ ಸಂಸ್ಥೆಗೆ ಇವತ್ತು ದೇಶದ ಮೂಲೆಮೂಲೆಯಿಂದ ಮಕ್ಕಳು ಬರುತ್ತಾರೆ. ಇವರೆಲ್ಲರ ದುಡಿಮೆಗೆ ನಾನು ಕೈಮುಗಿಯುತ್ತೇನೆ. ಆದರೆ ಒಂದು ಸಂಸ್ಥೆಯಲ್ಲಿ ಓದಿದ್ದು ಇನ್ನೊಂದಕ್ಕೆ ದಾಟುವ ಹಾದಿಯನ್ನು ನಾವು ಇನ್ನೂ ಮಾಡಿಲ್ಲ.

ಇದು ಬರೀ ತತ್ವದ ಮಾತಲ್ಲ. ನಾನು ಈ ಜಿಲ್ಲೆಯ ಖಾಸಗಿ ಪದವಿ ಕಾಲೇಜಿನಲ್ಲಿ ಪಾಠ ಮಾಡಿದವನು. ಜನವಾಡ ಕಡೆಯ ಹಳ್ಳಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎರಡು ವರ್ಷ ಬಿ.ಎ. ಮುಗಿಸಿದ್ದಳು. ಒಳ್ಳೆಯ ಅಂಕ. ಬೇಸಿಗೆಯಲ್ಲಿ ಮದುವೆಯಾಯಿತು, ಗಂಡನ ಮನೆ ಗಡಿಯಾಚೆ ಮಹಾರಾಷ್ಟ್ರದಲ್ಲಿ. ಓದು ಬಿಡಬಾರದು ಎಂದು ಗಂಡನ ಮನೆಯವರೇ ಹೇಳಿದ್ದರು. ಅಂಥ ಮನೆ ಸಿಗುವುದೇ ಪುಣ್ಯ. ಅಂಕಪಟ್ಟಿ, ವರ್ಗಾವಣೆ ಪತ್ರ ಎಲ್ಲ ಹಿಡಿದು ಅಲ್ಲಿಯ ಕಾಲೇಜಿಗೆ ಹೋದಳು. ಪಠ್ಯಕ್ರಮ ಬೇರೆ, ವಿಷಯಗಳ ಜೋಡಣೆ ಬೇರೆ, ವಿಶ್ವವಿದ್ಯಾಲಯ ಬೇರೆ ಎಂದು ಅವರು ಕಾಗದ ಮರಳಿಸಿದರು. ದೀಪಾವಳಿಗೆ ತವರಿಗೆ ಬಂದವಳು ಕಾಲೇಜಿನ ತನಕ ಬಂದು, "ಎರಡು ವರ್ಷ ಓದಿದ್ದು ಲೆಕ್ಕಕ್ಕೇ ಇಲ್ಲಂತ್ರಿ ಸರ್. ಫಸ್ಟ್ ಇಯರಿಗೇ ಕೂಡಬೇಕಂತ" ಎಂದಳು. ಅವಳ ತಂದೆ ಪಕ್ಕದಲ್ಲಿ ನಿಂತಿದ್ದರು. "ಮಾಸ್ತರ್ರೀ, ಆ ಊರು ನಮಗ ಪರದೇಶ ಏನ್ರಿ? ಜಾತ್ರಿಗಿ ಹೋಗಿ ಸಂಜಿಗಿ ಮನಿಗಿ ಬರ್ತೇವಲ್ರಿ" ಎಂದರು. ನನ್ನ ಬಳಿ ಉತ್ತರ ಇರಲಿಲ್ಲ. ಆಕೆ ಮತ್ತೆ ಓದಲಿಲ್ಲ.

ಭಾಲ್ಕಿ, ಔರಾದ, ಕಮಲನಗರದ ಮನೆಗಳಲ್ಲಿ ಸೊಸೆಯಂದಿರು ಉದಗೀರದವರು, ದೇಗಲೂರಿನವರು, ನಾರಾಯಣಖೇಡದವರು. ನಮ್ಮ ಹೆಣ್ಣುಮಕ್ಕಳು ಅತ್ತ ಹೋಗುತ್ತಾರೆ. 1956ರಲ್ಲಿ ಹೈದರಾಬಾದ್ ರಾಜ್ಯ ಮೂರು ರಾಜ್ಯಗಳಿಗೆ ಹಂಚಿಹೋಗುವ ತನಕ ಇವೆಲ್ಲ ಒಂದೇ ಆಡಳಿತದ ಊರುಗಳು, ಉಸ್ಮಾನಿಯಾ ವಿಶ್ವವಿದ್ಯಾಲಯವೇ ಎಲ್ಲರಿಗೂ ದೊಡ್ಡ ಓದಿನ ಮನೆ. ಉದಗೀರದ ಕಾಲೇಜುಗಳು ಈಗ ನಾಂದೇಡದ ವಿಶ್ವವಿದ್ಯಾಲಯಕ್ಕೆ ಸೇರಿವೆ. ಅದಕ್ಕೆ ಸ್ವಾಮಿ ರಮಾನಂದ ತೀರ್ಥರ ಹೆಸರಿದೆ. ಅವರು ಹುಟ್ಟಿದ್ದು ನಮ್ಮ ಸಿಂದಗಿಯಲ್ಲಿ. ಸಿಂದಗಿಯ ಮಗನ ಹೆಸರನ್ನು ನಾಂದೇಡ ಹೊತ್ತುಕೊಂಡಿದೆ. ಜನವಾಡದ ಮಗಳ ಎರಡು ವರ್ಷದ ಓದಿಗೆ ಮಾತ್ರ ಗಡಿಯಾಚೆ ಎಲ್ಲೂ ಜಾಗ ಸಿಗಲಿಲ್ಲ.

ದೂರ ಹೋದವರ ಪಾಡೂ ನಾವು ಕಂಡಿದ್ದೇವೆ. 2022ರ ಫೆಬ್ರವರಿಯಲ್ಲಿ ಉಕ್ರೇನಿನ ಮೇಲೆ ಯುದ್ಧ ಬಿದ್ದಾಗ ಅಲ್ಲಿ ವೈದ್ಯಕೀಯ ಓದುತ್ತಿದ್ದ ನಮ್ಮ ರಾಜ್ಯದ ಮಕ್ಕಳು ನೆಲಮಾಳಿಗೆಗಳಲ್ಲಿ ಅಡಗಿ ಕೂತರು. ಹಾವೇರಿ ಜಿಲ್ಲೆಯ ಯುವಕನೊಬ್ಬ ಖಾರ್ಕಿವ್‌ನಲ್ಲಿ ಮಾರ್ಚ್ 1ರಂದು ಪ್ರಾಣ ಕಳಕೊಂಡ. ಜೀವ ಉಳಿಸಿಕೊಂಡು ಬಂದವರ ಮುಂದೆ ಮೂರು, ನಾಲ್ಕು ವರ್ಷದ ಓದು ನಡುನೀರಲ್ಲಿ ನಿಂತಿತ್ತು. ಆಗ ಅವರಿಗೆ ಆಸರೆಯಾದದ್ದು ಸಂಸ್ಥೆ ಸಂಸ್ಥೆಗಳ ನಡುವಿನ ನಂಟು. ಬೇರೆ ದೇಶದ ವಿಶ್ವವಿದ್ಯಾಲಯದಲ್ಲಿ ಉಳಿದ ಪಾಠ ಓದಬಹುದು, ಪದವಿಯನ್ನು ಉಕ್ರೇನಿನ ಮೂಲ ವಿಶ್ವವಿದ್ಯಾಲಯವೇ ಕೊಡುತ್ತದೆ ಎಂಬ ಏರ್ಪಾಡು ಬಂತು. ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ ಆ ವರ್ಷದ ಸೆಪ್ಟೆಂಬರಿನಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ತುಸು ತಡವಾಯಿತು, ಎಲ್ಲರಿಗೂ ದಕ್ಕಲಿಲ್ಲ. ಆದರೂ ಒಂದು ಕಾಲೇಜಿನ ಮೇಲೆ ಬಾಂಬು ಬಿದ್ದರೂ ಹುಡುಗ ಓದಿದ್ದು ಸಾಯಬೇಕಿಲ್ಲ ಎಂಬುದು ಕಣ್ಣಿಗೆ ಕಂಡಿತು.

ನಮ್ಮ ದೇಶದಲ್ಲಿ ಈಗ ನಿಯಮಗಳೂ ಬಂದಿವೆ. 2021ರಲ್ಲಿ ಕ್ರೆಡಿಟ್ ಬ್ಯಾಂಕ್ ತೆರೆದರು. ವಿದ್ಯಾರ್ಥಿ ಗಳಿಸಿದ ಕ್ರೆಡಿಟ್ ಅವನ ಹೆಸರಿನ ಖಾತೆಯಲ್ಲಿ ಜಮೆಯಾಗುತ್ತದೆ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ವರ್ಷಕ್ಕೆ 1200 ಗಂಟೆಯ ಕಲಿಕೆ, ಅದಕ್ಕೆ 40 ಕ್ರೆಡಿಟ್. ವಿದೇಶದ ವಿಶ್ವವಿದ್ಯಾಲಯದ ಜೊತೆ ಸೇರಿ ಪದವಿ ಕೊಡಲು ಯುಜಿಸಿ 2022ರ ಮೇ ತಿಂಗಳಲ್ಲಿ ದಾರಿ ಮಾಡಿತು. ಆದರೆ ಅದಕ್ಕೆ ಇಲ್ಲಿಯ ಸಂಸ್ಥೆಗೆ, ಗುಣಮಟ್ಟ ಅಳೆಯುವ ನ್ಯಾಕ್ ಮಂಡಳಿಯ ಅಂಕ ಕನಿಷ್ಠ 3.01 ಇರಬೇಕು, ಇಲ್ಲವೇ ದೇಶದ ಮೊದಲ ನೂರರ ಪಟ್ಟಿಯಲ್ಲಿರಬೇಕು. ಎದುರಿನ ಸಂಸ್ಥೆ ಜಗತ್ತಿನ ಮೊದಲ ಸಾವಿರದೊಳಗೆ ಇರಬೇಕು. ಗುಣಮಟ್ಟ ಕಾಯುವ ಉದ್ದೇಶ ಸರಿ. ಹೊರದೇಶದ ಹೆಸರು ಹೇಳಿ ದುಡ್ಡು ಕೀಳುವವರ ಕಾಟ ನಾವು ಅರಿಯದ್ದಲ್ಲ. ಆದರೆ ಔರಾದಿನಂಥ ಊರಿನ ಕಾಲೇಜಿಗೆ ಆ ಬಾಗಿಲು ತುಂಬ ಎತ್ತರದಲ್ಲಿದೆ. ಮಣಿಪಾಲದಂಥ ಸಂಸ್ಥೆ ದಾಟುತ್ತದೆ. ಅದು 1997ರಲ್ಲೇ ಮಲೇಷ್ಯಾದ ಮಲಕ್ಕಾ ಜೊತೆ ಸೇರಿ, ಅರ್ಧ ಓದು ಅಲ್ಲಿ, ಅರ್ಧ ಇಲ್ಲಿ ಎಂದು ವೈದ್ಯರನ್ನು ತಯಾರು ಮಾಡತೊಡಗಿತು. ನಮ್ಮಲ್ಲಿ ಬಹಳ ಕಡೆ ಒಡಂಬಡಿಕೆ ಎಂದರೆ ಶಾಲು, ಹೂಗುಚ್ಛ, ಒಂದು ಫೋಟೊ. ಕಡತ ನ್ಯಾಕ್ ತಂಡಕ್ಕೆ ತೋರಿಸಲು ಇರುತ್ತದೆ. ಒಬ್ಬ ವಿದ್ಯಾರ್ಥಿಯೂ ಅದರ ಮೇಲೆ ಎಲ್ಲಿಗೂ ಹೋಗಿರುವುದಿಲ್ಲ. ಇದು ನನಗೆ ಬಹಳ ನೋವಿನ ವಿಷಯ.

ಅದಕ್ಕೇ ನನ್ನ ಬಿನ್ನಹ, ನಾವು ಹತ್ತಿರದಿಂದ ಶುರು ಮಾಡೋಣ. ಬೀದರ, ಭಾಲ್ಕಿ, ಔರಾದ, ಉದಗೀರ, ಜಹೀರಾಬಾದ್. ಈ ಐದು ಊರಿನ ಖಾಸಗಿ ಪದವಿ ಕಾಲೇಜುಗಳು ಮೊದಲು ತಮ್ಮ ತಮ್ಮಲ್ಲಿ ಮೂರು ಸಹಿಯ ಕಾಗದ ಮಾಡಿಕೊಳ್ಳಲಿ. ವಿಶ್ವವಿದ್ಯಾಲಯಗಳ ಒಪ್ಪಿಗೆ ಬೇಕು, ಹೌದು. ಬೀದರಿಗೆ 2023ರಿಂದ ತನ್ನದೇ ವಿಶ್ವವಿದ್ಯಾಲಯವಿದೆ. ನಾಂದೇಡ, ಉಸ್ಮಾನಿಯಾದ ಜೊತೆ ಕೂತು ಮಾತಾಡಲು ಈಗ ಕಲಬುರಗಿಯ ವಿಶ್ವವಿದ್ಯಾಲಯದ ದಾರಿ ನೋಡಬೇಕಿಲ್ಲ. ಪಠ್ಯಕ್ರಮ ಬೇರೆಬೇರೆ ಇದೆ ಎಂಬ ಮಾತು ಬರುತ್ತದೆ. ನಮ್ಮ ರಾಜ್ಯದಲ್ಲೇ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂದೆವು. ಬದಲಾಗುವ ಪಠ್ಯಕ್ರಮಕ್ಕೆ ಕಾದು ಕೂತರೆ ಕೆಲಸ ಆಗದು. ಯುರೋಪಿನವರೂ ಎಲ್ಲರ ಪಠ್ಯ ಒಂದೇ ಮಾಡಲಿಲ್ಲ. ಬೇರೆ ಪಠ್ಯವನ್ನು ಒಂದೇ ಅಳತೆಯಲ್ಲಿ ಅಳೆಯಲು ಒಪ್ಪಿದರು.

ಶುಲ್ಕದ ವಿಷಯದಲ್ಲಿ ಮಾತ್ರ ಮೊದಲೇ ಕಟ್ಟುನಿಟ್ಟು ಬೇಕು. ಹುಡುಗ ತನ್ನ ಕಾಲೇಜಿಗೆ ಕಟ್ಟಿದರೆ ಮುಗಿಯಿತು, ಹೋದ ಕಡೆ ಮತ್ತೆ ಕಟ್ಟುವುದಿಲ್ಲ. ಖಾಸಗಿ ಸಂಸ್ಥೆಗಳ ಆಡಳಿತ ಮಂಡಳಿಯವರಿಗೆ ಇದು ಕಷ್ಟದ ಮಾತು ಎಂದು ಬಲ್ಲೆ. ಆದರೆ ನೀವು ಹತ್ತು ಮಕ್ಕಳನ್ನು ಕಳಿಸಿ ಹತ್ತು ಮಕ್ಕಳನ್ನು ಕರೆದುಕೊಂಡರೆ ಯಾರ ಗಲ್ಲೆಯೂ ಬರಿದಾಗದು. ಊಟ, ವಸತಿಗೆ ಈ ಊರುಗಳಲ್ಲಿ ಮಠಗಳಿವೆ, ಗುರುದ್ವಾರದ ಲಂಗರ ಇದೆ, ಸಮುದಾಯಗಳ ವಸತಿ ನಿಲಯಗಳಿವೆ. ಗವಾನ್ ಒಬ್ಬನೇ ಹೊತ್ತದ್ದನ್ನು ನಾವು ಹಂಚಿಕೊಂಡು ಹೊರಬಹುದು.

ಏನು ಕಲಿಸಬೇಕು? ಎಲ್ಲ ಕಡೆ ಇರುವುದನ್ನೇ ಕಲಿಸಲು ಯಾರೂ ಊರು ಬಿಟ್ಟು ಬರಬೇಕಿಲ್ಲ. ಬೀದರಿನ ಕಾಲೇಜು ಬಿದರಿ ಕಲೆ ಮತ್ತು ಹಳೆ ಕಟ್ಟಡಗಳ ಸಂರಕ್ಷಣೆಯ ಪಾಠ ಕೊಡಲಿ. ಸತು, ತಾಮ್ರದ ಎರಕ, ಬೆಳ್ಳಿ ತಂತಿ ಕೂಡಿಸುವ ಕೆತ್ತನೆ, ಕೊನೆಗೆ ಕೋಟೆಯ ಮಣ್ಣು ಹಚ್ಚಿ ಕಪ್ಪು ಮಾಡುವ ಕೆಲಸ, ಇವನ್ನು ಉಸ್ತಾದರ ಕಾರ್ಖಾನೆಯಲ್ಲೇ ಕೂತು ಕಲಿತರೆ ಅದಕ್ಕೂ ಕ್ರೆಡಿಟ್ ಸಿಗಲಿ. ಭಾಲ್ಕಿಯವರು ವಚನ ಸಾಹಿತ್ಯ ಕಲಿಸಲಿ. ಉದಗೀರದವರು ಬೇಳೆಕಾಳಿನ ವ್ಯಾಪಾರ ಮತ್ತು ಮರಾಠಿ ಸಂತರ ಸಾಹಿತ್ಯ ಕಲಿಸಲಿ. ಬಿದರಿ ಕಲಿಯಲು, ದಖನಿನ ಇತಿಹಾಸ ಓದಲು ಯುರೋಪಿನವರೂ ಬರುತ್ತಾರೆ. ಆದರೆ ಅವರು ಬರುವ ಹೊತ್ತಿಗೆ ನಮ್ಮ ಕೈಯಲ್ಲಿ ಅಳತೆ ಗೊತ್ತಿರುವ, ಬೆಲೆ ಕಟ್ಟಿದ ಪಾಠ ಇರಬೇಕು. ಉದಗೀರದ ಜೊತೆ ಮೂರು ವರ್ಷ ಹೀಗೆ ನಡೆಸಿದ ದಾಖಲೆ ಕೈಯಲ್ಲಿದ್ದರೆ ಮಿಲಾನಿನ ಮುಂದೆ ಬೀದರ ಕೈಚಾಚಿ ನಿಲ್ಲಬೇಕಾಗಿಲ್ಲ, ಸಮಸಮ ಕೂತು ಮಾತಾಡಬಹುದು.

ಬರುವ ಜೂನ್‌ನಲ್ಲಿ ಪ್ರವೇಶ ಶುರುವಾಗುತ್ತದೆ. ಅಷ್ಟರೊಳಗೆ ಎರಡು ಕಾಲೇಜು, ಗಡಿಯ ಈಚೆ ಒಂದು, ಆಚೆ ಒಂದು, ಒಂದು ವಿಷಯಕ್ಕೆ, ಒಂದು ಸೆಮಿಸ್ಟರಿಗೆ ಒಪ್ಪಿಕೊಂಡರೂ ಸಾಕು. ಪ್ರಾಂಶುಪಾಲರು ಆ ಕಾಗದ ಬರೆಯಲಿ. ತಂದೆ ತಾಯಂದಿರೇ, ಪ್ರವೇಶಕ್ಕೆ ಹೋದಾಗ ಶುಲ್ಕ ಎಷ್ಟು, ಬಸ್ ಪಾಸ್ ಸಿಗುತ್ತದೆಯೇ ಎಂದು ಕೇಳುತ್ತೀರಿ. ಜೊತೆಗೆ ಇನ್ನೊಂದು ಮಾತು ಕೇಳಿ: ನಮ್ಮ ಮಗಳು ನಡುವೆ ಬೇರೆ ಊರಿಗೆ ಹೋದರೆ ಇಲ್ಲಿ ಓದಿದ್ದನ್ನು ಅಲ್ಲಿ ಹಿಡಿಯುತ್ತಾರೋ ಇಲ್ಲವೋ? ಉತ್ತರವನ್ನು ಬರೆದು ಕೊಡಿ ಎನ್ನಿ.